ಸೆಲೆನಿಯಂ ಬಿಟ್ಟುಹೋದ ಜಾಗ

ತೀರ್ಥಹಳ್ಳಿ, ಆಷಾಢ

ಚಿ. ಶ್ರೀಧರನಿಗೆ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಟೊಪೊಲಾಜಿಕಲ್ ವಸ್ತು ಎಂದರೆ ಒಡಲಲ್ಲಿ ವಿದ್ಯುತ್ ಹರಿಯದೆ ಮೇಲ್ಮೈಯಲ್ಲಿ ಮಾತ್ರ ಹರಿಯಬೇಕಾದದ್ದು; ಅದಕ್ಕೆ ದೋಷ ತಾಗುವುದಿಲ್ಲ ಅಂದಮೇಲೆ ನೀನು ಬೆಳೆಸಿದ ಬಿಸ್ಮತ್ ಸೆಲೆನೈಡ್ ಹರಳು ಯಾಕೆ ಒಡಲೆಲ್ಲ ಲೋಹದ ಹಾಗಿದೆ ಎಂದು ಕೇಳಿದ್ದೀಯ. ಕಾಂತೀಯವಲ್ಲದ ದೋಷ ಮೇಲ್ಮೈಯಲ್ಲಿ ವಿದ್ಯುತ್ ಹರಿಸುವ ಎಲೆಕ್ಟ್ರಾನ್ ಸ್ಥಿತಿಗಳನ್ನು ಅಳಿಸಲಾರದು, ಅದು ನಿಜ. ಆದರೆ ಒಂದು ಸೆಲೆನಿಯಂ ಪರಮಾಣು ಬಿಟ್ಟುಹೋದರೆ ಎರಡು ಎಲೆಕ್ಟ್ರಾನು ಹರಳಿನ ಒಡಲಿಗೆ ಸೇರುತ್ತವೆ. ನಾಲ್ಕು ಸಾವಿರ ಸೆಲೆನಿಯಂ ಪರಮಾಣುವಿಗೆ ಒಂದು ಕಡಿಮೆಯಾದರೂ ಸಾಕು, ಘನ ಸೆಂಟಿಮೀಟರಿಗೆ ಸುಮಾರು 10¹⁹ ಎಲೆಕ್ಟ್ರಾನು! ಒಡಲಿನಲ್ಲಿ ಎಲೆಕ್ಟ್ರಾನು ಇರಲಾಗದ ಶಕ್ತಿಯ ಅಂತರ 0.3 ಎಲೆಕ್ಟ್ರಾನ್‌ವೋಲ್ಟ್ ಅಷ್ಟೆ. ಫರ್ಮಿ ಮಟ್ಟ, ಅಂದರೆ ಎಲೆಕ್ಟ್ರಾನುಗಳು ತುಂಬಿ ನಿಲ್ಲುವ ಶಕ್ತಿಯ ಎತ್ತರ, ಅದನ್ನು ದಾಟಿ ಒಡಲಲ್ಲೇ ವಿದ್ಯುತ್ ಹರಿಸುವ ವಹನ ಪಟ್ಟಿಗೆ ಏರಿ ಕೂರುತ್ತದೆ. ತುಂಗೆ ಉಕ್ಕಿದಾಗ ಹೊಳೆಯ ನಡುವಿನ ರಾಮಮಂಟಪ ಕಾಣುವುದಿಲ್ಲವಲ್ಲ, ಹಾಗೆ ನಿನ್ನ ಮೇಲ್ಮೈ ಮುಳುಗಿದೆ.

ಹತ್ತು ಗ್ರಾಂ ಹರಳಿಗೆ ಬಿಸ್ಮತ್ 6.382, ಸೆಲೆನಿಯಂ 3.618 ಗ್ರಾಂ. ಅದರ ಮೇಲೆ 0.1 ಗ್ರಾಂ ಸೆಲೆನಿಯಂ ಹೆಚ್ಚಿಗೆ ಹಾಕು. ಅದು 685 ಡಿಗ್ರಿಗೇ ಕುದಿಯುತ್ತದೆ, ಹರಳು ಕರಗುವುದು ಸುಮಾರು 705ಕ್ಕೆ. ಹಾಗಾಗಿ ಆವಿಯಾಗಿ ಓಡುವುದು ಅದೇ. ಕ್ವಾರ್ಟ್ಜ್ ಟ್ಯೂಬನ್ನು ಗಿಡ್ಡವಾಗಿ ಸೀಲ್ ಮಾಡು, ಎರಡೂ ತುದಿ ಫರ್ನೇಸಿನ ಬಿಸಿಭಾಗದಲ್ಲೇ ಇರಲಿ. ಒಂದು ತುದಿ ತಣ್ಣಗಿದ್ದರೆ ಸೆಲೆನಿಯಂ ಅಲ್ಲಿ ಹೋಗಿ ಕಟ್ಟಿಕೊಳ್ಳುತ್ತದೆ. ಈ ಥಂಡಿಯಲ್ಲಿ ಟ್ಯೂಬಿನ ಒಳಗೋಡೆಯ ತೇವ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ವ್ಯಾಕ್ಯೂಮ್ ಎಳೆಯುತ್ತಲೇ ಟ್ಯೂಬನ್ನು ಕಾಯಿಸಿ ಒಣಗಿಸಿಕೋ, ಇಲ್ಲವಾದರೆ ಬಿಸ್ಮತ್ ಆಕ್ಸೈಡ್ ಆಗುತ್ತದೆ.

ಬಿಸಿ ಏರಿಸುವಾಗ ಅವಸರ ಬೇಡ. 600ರ ಹತ್ತಿರ ಅರ್ಧ ದಿನ ನಿಲ್ಲಿಸಿ, ಸೆಲೆನಿಯಂ ಬಿಸ್ಮತ್ತಿನೊಡನೆ ಕೂಡಿಕೊಳ್ಳಲು ಬಿಡು. ಕೂಡದೆ ಉಳಿದದ್ದು ಕುದಿದರೆ ಟ್ಯೂಬು ಸಿಡಿಯುತ್ತದೆ. ಆಮೇಲೆ 850ರಲ್ಲಿ ಒಂದು ದಿನ. ಅಲ್ಲಿಂದ ಗಂಟೆಗೆ 2ರಿಂದ 3 ಡಿಗ್ರಿಯಂತೆ 620ರವರೆಗೆ ಇಳಿಸಿ, ಎರಡು ದಿನ ಅಲ್ಲೇ ಇಡು. ಬೇಗ ತಣಿಸಿದರೆ ಬಿಸಿಯಲ್ಲಿ ಹುಟ್ಟಿದ ಖಾಲಿ ಜಾಗಗಳು ಹಾಗೆಯೇ ಹೆಪ್ಪುಗಟ್ಟುತ್ತವೆ. ಟ್ಯೂಬು ಒಡೆಯುವುದು ಫ್ಯೂಮ್ ಹುಡ್‌ನಲ್ಲೇ. ಸೆಲೆನಿಯಂ ವಿಷ, ಈ ಮಾತನ್ನು ಹಗುರವಾಗಿ ತಗೋಬೇಡ.

ಬಿಸ್ಮತ್ ಟೆಲುರೈಡಿನಲ್ಲಿ ತಾಪತ್ರಯವೇ ಬೇರೆ: ಟೆಲುರಿಯಂ ಜಾಗದಲ್ಲಿ ಬಿಸ್ಮತ್ ಬಂದು ಕೂತು ಹೋಲ್‌ಗಳನ್ನು, ಅಂದರೆ ಎಲೆಕ್ಟ್ರಾನಿನ ಕೊರತೆಗಳನ್ನು, ತರುತ್ತದೆ. ನಿನ್ನ ಸೆಲೆನೈಡಿಗೆ ಕ್ಯಾಲ್ಸಿಯಂ ಬೆರೆಸಿ ಫರ್ಮಿ ಮಟ್ಟ ಇಳಿಸಬಹುದು ಅಂದಿದ್ದೀಯ. ಇಳಿಯುತ್ತದೆ, ಆದರೆ ಆ ಕ್ಯಾಲ್ಸಿಯಂ ಕೂಡ ಎಲೆಕ್ಟ್ರಾನುಗಳನ್ನು ಚದುರಿಸುವ ದೋಷವೇ. ಮೊದಲು ಬೆಳೆಸುವ ಕ್ರಮ ತಿದ್ದಿಕೋ.

ಇನ್ನೊಂದು ದೋಷದ ಮಾತು: ಪರಮಾಣುಗಳ ಸಾಲು ತಿರುಪಿನಂತೆ ಜಾರಿದ ಗೆರೆ, ಅಂದರೆ ಸ್ಕ್ರೂ ಡಿಸ್‌ಲೊಕೇಶನ್‌ನ ಗುಂಟ ವಿದ್ಯುತ್ ಹರಿಯುವ ದಾರಿ ಇರಬಹುದೆಂದು 2009ರಲ್ಲಿ ಲೆಕ್ಕ ತೋರಿಸಿದ್ದು ನಿಜ. ಅದಕ್ಕೆ ದುರ್ಬಲ ಸೂಚ್ಯಂಕಗಳು, ಅಂದರೆ ಟೊಪೊಲಾಜಿಕಲ್ ವಸ್ತುವಿನ ಬಗೆ ಗುರುತಿಸುವ ಅಂಕಿಗಳಲ್ಲಿ ಮೂರು, ಎಲ್ಲವೂ ಸೊನ್ನೆಯಾಗಿರಬಾರದು. ಬಿಸ್ಮತ್-ಆಂಟಿಮನಿ ಮಿಶ್ರಲೋಹದಲ್ಲಿ ಸೊನ್ನೆಯಲ್ಲ, ನಿನ್ನ ಹರಳಿನಲ್ಲಿ ಮೂರೂ ಸೊನ್ನೆ. ಅದನ್ನು ಇಲ್ಲಿ ಹುಡುಕಬೇಡ.

ಒಡಲಿನಲ್ಲಿ ಎಷ್ಟು ಎಲೆಕ್ಟ್ರಾನು ಇವೆ ಎಂದು ತಿಳಿಸುವ ಹಾಲ್ ಅಳತೆಯ ಅಂಕಿ ಬಂದಾಗ ಟ್ಯೂಬಿನ ಉದ್ದ, ತಣಿಸಿದ ವೇಗ ಎರಡನ್ನೂ ಸೇರಿಸಿ ಬರೆ.

ಇತಿ,
ನಿನ್ನ ಮಾವ