ಗಂಟೆಗಳ ಲೆಕ್ಕ ಬರೆದವರಿಗೆ, ಬರೆಸಿದವರಿಗೆ

ನಮ್ಮ ಬೀದಿಯ ಕೊನೆಯಲ್ಲಿ ಕಸದ ರಾಶಿಯಾಗಿ ಬಿದ್ದಿದ್ದ ಜಾಗ ಕಿರು ಉದ್ಯಾನವಾಗಿ ಬಳಕೆಗೆ ಬಂದು ಎರಡು ತಿಂಗಳಾಯಿತು. ನಗರಾಡಳಿತದ ಅನುದಾನದ ಕೊನೆಯ ಕಂತು ಕಳೆದ ವಾರ ಕೈಸೇರಿದ್ದು, ಕೆಲಸಕ್ಕಾಗಿ ಪಡೆದಿದ್ದ ಕೈಗಡವನ್ನೆಲ್ಲ ಹಿಂದಿರುಗಿಸಿದ್ದೇವೆ. ಲೆಕ್ಕ ಚುಕ್ತಾ ಆಗುವವರೆಗೆ ಯಾರಿಗೂ ಧನ್ಯವಾದ ಹೇಳಬಾರದೆಂದು ಸಮಿತಿಯ ಕಾರ್ಯದರ್ಶಿಯಾಗಿ ನಾನೇ ಹಠ ಹಿಡಿದಿದ್ದೆ. ಉದ್ಯಾನ ತೆರೆದ ದಿನ ಒಂದು ಮಾತೂ ಆಡದೆ ಕುಳಿತೆನೆಂದು ಕೆಲವರು ಬೇಸರಪಟ್ಟುಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ನಮಗೆ ದೊರೆತದ್ದು ಮ್ಯಾಚಿಂಗ್ ಗ್ರ್ಯಾಂಟ್, ಅಂದರೆ ಸರಿಸಮ ಅನುದಾನ. ನಿವಾಸಿಗಳು ತಮ್ಮ ಪಾಲೆಂದು ಎಷ್ಟನ್ನು ಕೂಡಿಸಿ ತೋರಿಸುತ್ತಾರೋ ಅಷ್ಟಕ್ಕೆ ಸಮನಾದ ಮೊತ್ತವನ್ನು ನಗರಾಡಳಿತ ಕೊಡುತ್ತದೆ. ನಮ್ಮ ಪಾಲು ನಗದಿನಲ್ಲೇ ಇರಬೇಕಾಗಿಲ್ಲ. ದಾನವಾಗಿ ಬಂದ ಸಾಮಗ್ರಿ, ಉಚಿತವಾಗಿ ಒದಗಿಸಿದ ವೃತ್ತಿಪರ ಸೇವೆ, ಶ್ರಮದಾನದ ಗಂಟೆಗಳು, ಇವೆಲ್ಲಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅಮೆರಿಕದ ಸಿಯಾಟಲ್ ನಗರ 1988ರಲ್ಲಿ ಹುಟ್ಟುಹಾಕಿದ ಇಂತಹ ನಿಧಿ ಇದಕ್ಕೆ ಹೆಸರಾದ ಮಾದರಿ. ಅಲ್ಲಿನ ನೆರೆಹೊರೆ ಇಲಾಖೆಯನ್ನು 2002ರವರೆಗೆ ಮುನ್ನಡೆಸಿದ ಜಿಮ್ ಡಿಯರ್ಸ್ ಅವರ ಹೆಸರು ಈ ನಿಧಿಯೊಂದಿಗೇ ಬೆಸೆದುಕೊಂಡಿದೆ. ಅದೇ ನಗರದ ಫ್ರೀಮಾಂಟ್ ಬಡಾವಣೆಯಲ್ಲಿ, ಅರೋರಾ ಸೇತುವೆಯ ಅಡಿಯ ಪಾಳುಜಾಗದಲ್ಲಿ, ನಿಜವಾದ ಬೀಟಲ್ ಕಾರೊಂದನ್ನು ಅಂಗೈಯಲ್ಲಿ ಅದುಮಿ ಹಿಡಿದ ಸುಮಾರು 18 ಅಡಿ ಎತ್ತರದ ಕಾಂಕ್ರೀಟ್ ದೈತ್ಯ 1990ರಲ್ಲಿ ಎದ್ದುನಿಂತದ್ದು ಈ ನಿಧಿಯ ನೆರವಿನಿಂದಲೇ. ನಮ್ಮ ಮೊದಲ ಸಭೆಯಲ್ಲಿ ಅದರ ಚಿತ್ರ ತೋರಿಸಿದ ಯುವಕನಿಗೆ ಮೊದಲ ಕೃತಜ್ಞತೆ ಸಲ್ಲಬೇಕು. ಅದನ್ನು ನೋಡಿದ ಹಿರಿಯರೊಬ್ಬರು ನಮಗೆ ದೈತ್ಯ ಬೇಡವೆಂದು ಅಲ್ಲೇ ಠರಾವು ಮಾಡಿಸಿದರು. ಆದರೆ ಕಸದ ಜಾಗವೂ ಏನಾದರೂ ಆಗಬಹುದೆಂಬ ಮಾತು ಅಂದು ಎಲ್ಲರ ಮನಸ್ಸಿಗೆ ನಾಟಿತು.

ಉತ್ಸಾಹದಲ್ಲಿ ಸಲ್ಲಿಸಿದ ಮೊದಲ ಅರ್ಜಿ ಹಿಂದಿರುಗಿ ಬಂತು. ಜಾಗದ ಒಡೆತನವುಳ್ಳ ಇಲಾಖೆಯ ಒಪ್ಪಿಗೆ ಪತ್ರ ಅದರಲ್ಲಿರಲಿಲ್ಲ. ಕಾಮಗಾರಿ ಮುಗಿದ ಮೇಲೆ ಗಿಡಗಳಿಗೆ ನೀರು ಹಾಕುವವರು ಯಾರು, ಮುರಿದ ಬೆಂಚನ್ನು ಸರಿಪಡಿಸುವವರು ಯಾರು ಎಂಬುದಕ್ಕೂ ಉತ್ತರವಿರಲಿಲ್ಲ. ನಿರಾಕರಣೆಯ ಒಂದು ಸಾಲಿನ ಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಾಗಿದ್ದ ಅಧಿಕಾರಿಯೊಬ್ಬರು ನಮ್ಮನ್ನು ಕರೆಸಿ, ಅರ್ಜಿಯನ್ನು ಮುಂದಿಟ್ಟುಕೊಂಡು, ಪರಿಶೀಲನಾ ಸಮಿತಿ ಯಾವ ಪುಟದಲ್ಲಿ ಏಕೆ ನಿಂತುಬಿಟ್ಟಿತೆಂದು ವಿವರಿಸಿದರು. ಅವರ ಹೆಸರನ್ನು ಬರೆಯುವುದು ಅವರಿಗೇ ಇಷ್ಟವಿಲ್ಲ. ಒಪ್ಪಿಗೆ ಪತ್ರಕ್ಕಾಗಿ ಐದು ತಿಂಗಳು ಅಲೆದ ನಮ್ಮ ಸಹ ಕಾರ್ಯದರ್ಶಿಯವರ ತಾಳ್ಮೆ ನನಗಂತೂ ಇಲ್ಲ.

ಈ ಬರಹದಲ್ಲಿ ಅತಿ ಹೆಚ್ಚಿನ ಜಾಗ ಸಲ್ಲಬೇಕಾದದ್ದು ಹಾಜರಿ ಪುಸ್ತಕ ನೋಡಿಕೊಂಡ ನಿವೃತ್ತ ಶಿಕ್ಷಕಿಯವರಿಗೆ. ನಮ್ಮ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶ್ರಮದಾನದ್ದೇ ಆಗಿತ್ತು. ಆ ಶ್ರಮಕ್ಕೆ ನಗರಾಡಳಿತ ಒಪ್ಪುವ ಏಕೈಕ ಸಾಕ್ಷಿಯೆಂದರೆ ತಾರೀಕು, ಹೆಸರು, ಬಂದ ಸಮಯ, ಹೋದ ಸಮಯ, ಮಾಡಿದ ಕೆಲಸ ಮತ್ತು ಸಹಿ ಇರುವ ಆ ಪುಸ್ತಕ. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ದುಡಿದ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲವೆಂಬ ನಿಯಮವನ್ನು ನಾವಾರೂ ಓದಿರಲಿಲ್ಲ. ಮೂರು ಭಾನುವಾರ ಕಸ ಎತ್ತಿದ ದುಡಿಮೆ ಹಾಗೆಯೇ ಹೋಯಿತು. ಅದನ್ನು ಗುರುತಿಸಿ ನಾಲ್ಕನೆಯ ಭಾನುವಾರದ ಕೆಲಸವನ್ನು ತಡೆದವರು ಇವರು. ಒಮ್ಮೆ ನಾನು ತಡವಾಗಿ ಬಂದು, ಎಲ್ಲರಂತೆ ನನಗೂ ನಾಲ್ಕು ಗಂಟೆ ಬರೆದುಕೊಳ್ಳಿ ಎಂದಾಗ, ಕನ್ನಡಕದ ಮೇಲಿಂದ ನೋಡಿ, ಮೂರು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದು ಸಹಿಗೆ ಪುಸ್ತಕ ತಿರುಗಿಸಿದರು. ಆ ಹೊತ್ತು ಕೋಪ ಬಂದದ್ದು ನಿಜ. ಕೊನೆಯ ಪರಿಶೀಲನೆಯಲ್ಲಿ ಅಧಿಕಾರಿಗಳು ಅಲ್ಲೊಂದು ಇಲ್ಲೊಂದು ಪುಟ ತೆರೆದು, ಅಂದು ದುಡಿದವರನ್ನು ಕರೆಸಿ ವಿಚಾರಿಸಿ, ಒಂದು ಸಾಲನ್ನೂ ಹೊಡೆದುಹಾಕದೆ ಒಪ್ಪಿಕೊಂಡಾಗ ಆ ಇಪ್ಪತ್ತು ನಿಮಿಷದ ಬೆಲೆ ನನಗೆ ತಿಳಿಯಿತು.

ಅವರು ಮಾಡಿದ ಇನ್ನೊಂದು ಕೆಲಸ ಹೆಚ್ಚಿನವರಿಗೆ ಗೊತ್ತಿಲ್ಲ. ಗುದ್ದಲಿ ಹಿಡಿಯಲಾರದ ಅನೇಕರು ತಮ್ಮಿಂದ ಏನೂ ಆಗದೆಂದು ಮನೆಯಲ್ಲೇ ಉಳಿದಿದ್ದರು. ತಾಯಂದಿರು ಮಣ್ಣು ಹೊರುವಾಗ ಅವರ ಮಕ್ಕಳನ್ನು ನೋಡಿಕೊಳ್ಳುವುದು, ಉಪಕರಣಗಳನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯುವುದು, ದರಪಟ್ಟಿ ತರಿಸಲು ಫೋನ್ ಮಾಡುವುದು, ಇವನ್ನೂ ಶ್ರಮದಾನವೆಂದು ಬರೆಯಬಹುದೇ ಎಂದು ಅವರು ಅಧಿಕಾರಿಗಳಿಗೆ ಪತ್ರ ಬರೆದು ಕೇಳಿದರು. ಬರೆಯಬಹುದೆಂಬ ಉತ್ತರ ಬಂದ ವಾರವೇ ಪುಸ್ತಕದಲ್ಲಿ ಹದಿನಾಲ್ಕು ಹೊಸ ಹೆಸರುಗಳು ಸೇರಿದವು. ಅದುವರೆಗೆ ಕಿಟಕಿಯಿಂದಲೇ ಕೆಲಸ ನೋಡುತ್ತಿದ್ದ ಅಜ್ಜಿಯೊಬ್ಬರು ಸಲಿಕೆಗಳ ಉಸ್ತುವಾರಿ ವಹಿಸಿಕೊಂಡ ಮೇಲೆ ನಮ್ಮ ಒಂದು ಸಲಿಕೆಯೂ ಕಾಣೆಯಾಗಲಿಲ್ಲ.

ವಿದ್ಯುತ್ ಕೆಲಸ ಮಾಡಿಕೊಟ್ಟ ನಮ್ಮದೇ ಬೀದಿಯ ಎಲೆಕ್ಟ್ರಿಷಿಯನ್ ಅವರ ವಿಷಯದಲ್ಲಿ ನಿಯಮ ಸ್ವಲ್ಪ ವಿಚಿತ್ರವಾಗಿದೆ. ತಂತಿ ಎಳೆದ ಗಂಟೆಗಳಿಗೆ ಅವರ ವೃತ್ತಿಯ ದರ ಸಲ್ಲುತ್ತದೆ. ಅವರೇ ಗುಂಡಿ ತೋಡಿದರೆ ಉಳಿದವರಿಗೆಲ್ಲ ನಿಗದಿಯಾದ ಸಾಮಾನ್ಯ ದರವಷ್ಟೇ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿದ ಅವರ ಪ್ರಾಮಾಣಿಕತೆಗೆ ಸಮಿತಿ ಋಣಿಯಾಗಿದೆ.

ಇದಕ್ಕಿಂತ ಕಠಿಣವಾದ ದಿನಗಳು ಬಂದದ್ದು ಹಣದ ವಿಷಯದಲ್ಲಿ. ಅನುದಾನ ಮಂಜೂರಾಯಿತೆಂದರೆ ಹಣ ಕೈಗೆ ಬಂತೆಂದೇ ನಾವು ತಿಳಿದಿದ್ದೆವು. ವಾಸ್ತವದಲ್ಲಿ ಮೊದಲು ನಾವು ಖರ್ಚು ಮಾಡಿ, ರಸೀದಿಗಳನ್ನೂ ಹಾಜರಿಯ ಪ್ರತಿಗಳನ್ನೂ ಒಪ್ಪಿಸಿದ ಮೇಲಷ್ಟೇ ನಗರಾಡಳಿತ ಅದನ್ನು ಮರುಪಾವತಿ ಮಾಡುತ್ತಿತ್ತು. ನೋಂದಣಿಯೇ ಇಲ್ಲದ ನಮ್ಮ ಸಮಿತಿಯ ಹೆಸರಿಗೆ ಆ ಹಣ ಬರುವಂತೆಯೂ ಇರಲಿಲ್ಲ. ಆಗ ನೆರೆಯ ನೋಂದಾಯಿತ ಸಂಘವೊಂದು ತನ್ನ ಬ್ಯಾಂಕ್ ಖಾತೆಯನ್ನೂ ಲೆಕ್ಕಪರಿಶೋಧಕರನ್ನೂ ನಮಗಾಗಿ ಒದಗಿಸಿ, ಒಪ್ಪಂದಕ್ಕೆ ತಾನೇ ಸಹಿ ಹಾಕಿ, ನಾವು ತಪ್ಪಿದರೆ ಉತ್ತರಿಸುವ ಹೊಣೆಯನ್ನೂ ಹೊತ್ತುಕೊಂಡಿತು. ಮೂರು ಕುಟುಂಬಗಳು ಬಡ್ಡಿಯಿಲ್ಲದೆ ಕೈಗಡ ಕೊಟ್ಟವು. ಅವುಗಳಲ್ಲಿ ಒಂದು ಕುಟುಂಬ ತನ್ನ ಮನೆಯ ರಿಪೇರಿಯನ್ನೇ ಮುಂದಕ್ಕೆ ಹಾಕಿತ್ತೆಂಬುದು ಹಣ ಹಿಂದಿರುಗಿಸಲು ಹೋದಾಗಲಷ್ಟೇ ನಮಗೆ ಗೊತ್ತಾಯಿತು. ಕಲ್ಲು, ಮರಳು ಪೂರೈಸಿದವರು ಎರಡು ಕಂತುಗಳ ನಡುವೆ ಒಮ್ಮೆಯೂ ಬಾಕಿಯ ಮಾತೆತ್ತದೆ ಕಾದರು.

ವಿರೋಧಿಸಿದವರನ್ನೂ ಇಲ್ಲಿ ನೆನೆಯಬೇಕು. ಉದ್ಯಾನಕ್ಕೆ ಗೋಡೆ ತಾಗಿದ ಮನೆಯವರು, ರಾತ್ರಿ ಗದ್ದಲವಾಗುತ್ತದೆ, ದೀಪದ ಬೆಳಕು ಮಲಗುವ ಕೋಣೆಗೆ ಬೀಳುತ್ತದೆ ಎಂದು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರು. ಆಗ ನಾವು ಆಡಿದ ಕೆಲವು ಮಾತುಗಳು ಆಡಬಾರದವು. ದೀಪದ ಕಂಬಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಬೆಂಚುಗಳನ್ನು ಎದುರು ಬದಿಗೆ ಸರಿಸಿದ ನಕ್ಷೆಯನ್ನು ತೋರಿಸಿದ ಮೇಲೆ ಅವರು ಆಕ್ಷೇಪಣೆಯನ್ನು ಹಿಂದಕ್ಕೆ ಪಡೆದರು. ಅವರು ಇಂದಿಗೂ ಉದ್ಯಾನಕ್ಕೆ ಕಾಲಿಟ್ಟಿಲ್ಲ. ಆದರೂ ಅಲ್ಲಿ ಕುಳಿತವರ ಕಣ್ಣಿಗೆ ದೀಪ ಕುಕ್ಕದೆ ದಾರಿಯನ್ನಷ್ಟೇ ಬೆಳಗುತ್ತಿರುವುದು ಅವರ ಆಕ್ಷೇಪಣೆಯ ಫಲವೇ ಆಗಿದೆ.

ಮಕ್ಕಳಲ್ಲಿ ಕ್ಷಮೆ ಕೇಳುವುದೂ ಬಾಕಿ ಇದೆ. ಅಂದಾಜು ಪಟ್ಟಿ ತಯಾರಾದ ದಿನಕ್ಕೂ ಸಾಮಗ್ರಿ ಕೊಂಡ ದಿನಕ್ಕೂ ನಡುವೆ ಬೆಲೆಗಳು ಏರಿದವು. ಮಂಜೂರಾದ ಮೊತ್ತ ಏರಲಿಲ್ಲ. ಹಾಗಾಗಿ ಜೋಕಾಲಿಯನ್ನು ಕೈಬಿಡಬೇಕಾಯಿತು. ನಕ್ಷೆಯಲ್ಲಿ ಅದನ್ನು ಬಣ್ಣ ಹಚ್ಚಿ ಬರೆದುಕೊಟ್ಟಿದ್ದ ಹುಡುಗಿ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಜೋಕಾಲಿಗಾಗಿ ಮೀಸಲಿಟ್ಟ ಮೂಲೆಯನ್ನು ಹಾಗೆಯೇ ಬಿಟ್ಟಿದ್ದೇವೆ, ಅಲ್ಲಿ ಬೇರೇನನ್ನೂ ನೆಟ್ಟಿಲ್ಲ.

ಒಪ್ಪಂದದಲ್ಲಿ ನಾವು ಬರೆದುಕೊಟ್ಟಿರುವಂತೆ ಮುಂದಿನ ನಿರ್ವಹಣೆ ಪೂರ್ತಿಯಾಗಿ ನಮ್ಮದೇ ಹೊಣೆ. ಅದರ ಗಂಟೆಗಳಿಗೆ ಸರಿಸಮವಾಗಿ ಯಾರೂ ಏನನ್ನೂ ಕೊಡುವುದಿಲ್ಲ, ಆದ್ದರಿಂದ ಲೆಕ್ಕವಿಡುವ ಅಗತ್ಯವೂ ಇಲ್ಲವೆಂದು ನಾನು ಶಿಕ್ಷಕಿಯವರಿಗೆ ಹೇಳಿದೆ. ಅವರು ಆಗಲೇ ಹೊಸ ಪುಸ್ತಕ ತಂದು ಗೆರೆ ಎಳೆದಿಟ್ಟಿದ್ದರು. ಕಳೆದ ಭಾನುವಾರದ ತಾರೀಕಿನ ಕೆಳಗೆ ಅದರಲ್ಲಿ ಆರು ಸಹಿಗಳಿವೆ. ನನ್ನ ಹೆಸರಿನ ಮುಂದೆ ಒಂದು ಗಂಟೆ ಐದು ನಿಮಿಷ ಎಂದಿದೆ.