ಹಳದಿ ದೀಪ ಆರಿಸಲು ದುಡ್ಡು ಕೊಡುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಬೈಕ್‌ಗಳ ಕರ್ಕಶ ಸೈಲೆನ್ಸರ್ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಪೊಲೀಸರು ಅವನ್ನು ಕಿತ್ತು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೊ ಕೂಡ ಬರುತ್ತದೆ. ಒಳ್ಳೆಯದೇ. ಆದರೆ ಕಾರುಗಳಲ್ಲಿ ನಡೆಯುತ್ತಿರುವುದನ್ನು ಯಾರೂ ಬರೆಯುತ್ತಿಲ್ಲ, ಯಾಕಂದ್ರೆ ಅದು ಕಿವಿಗೆ ಅಷ್ಟು ಬೀಳುವುದಿಲ್ಲ. ಗ್ಯಾರೇಜ್ ಕೆಲಸದಲ್ಲಿರುವ ನನಗೆ ದಿನಾ ಕಾಣುತ್ತದೆ. ಸೌಂಡ್ ಜಾಸ್ತಿ ಬರಲಿ ಅಂತ ಹೊಸ ಎಕ್ಸಾಸ್ಟ್ (ಹೊಗೆ ಪೈಪು, ಸೈಲೆನ್ಸರ್) ಹಾಕಿಸಿಕೊಂಡ ಕಾರು, ಮೀಟರ್‌ನಲ್ಲಿ ಉರಿಯುತ್ತಿರುವ ಹಳದಿ ಇಂಜಿನ್ ದೀಪ, "ಅಣ್ಣಾ, ಇದೊಂದು ಆಫ್ ಮಾಡಿಕೊಡಿ" ಅನ್ನುವ ಹುಡುಗ.

ಆಫ್ ಮಾಡುವುದು ಸುಲಭ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಒಂದು ಬಟನ್ ಒತ್ತಿದರೆ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೂ ಎಷ್ಟೋ ಕಾರುಗಳಲ್ಲಿ ಹೋಗುತ್ತದೆ. ಆಮೇಲೆ ಮತ್ತೆ ಬರುತ್ತದೆ, ಯಾಕಂದ್ರೆ ಕಾರಣ ಅಲ್ಲೇ ಇದೆ. ಹಾಗಾಗಿ ದೀಪ ಆರಿಸೋದಕ್ಕೆ ಅಂತ ಯಾರಿಗೂ ದುಡ್ಡು ಕೊಡಬೇಡಿ, ಅದು ಯಾಕೆ ಹತ್ತಿದೆ ಅಂತ ಹುಡುಕೋದಕ್ಕೆ ಕೊಡಿ. ಇದನ್ನು ಹೇಳಲೆಂದೇ ಈ ಪತ್ರ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಹೊಗೆ ಹೋಗುವ ಪೈಪಿನಲ್ಲಿ, ಇಂಜಿನ್ ಹತ್ತಿರವೇ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ನಾವೆಲ್ಲ ಕ್ಯಾಟ್ ಅನ್ನುತ್ತೇವೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿನ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ವಿಷದ ಕಾರ್ಬನ್ ಮೊನಾಕ್ಸೈಡ್, ಪೂರ್ತಿ ಸುಡದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್ ಇವನ್ನೆಲ್ಲ ಕಾರ್ಬನ್ ಡೈಆಕ್ಸೈಡ್, ನೀರಾವಿ, ನೈಟ್ರೋಜನ್ ಮಾಡಿ ಕಳಿಸುವುದು ಅದರ ಕೆಲಸ. ಕ್ಯಾಟ್‌ಗೆ ಮುಂಚೆ ಒಂದು ಆಕ್ಸಿಜನ್ ಸೆನ್ಸರ್, ಆದ ಮೇಲೆ ಇನ್ನೊಂದು. ಮೊದಲನೆಯದು ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಇಸಿಯುಗೆ, ಅಂದ್ರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಹೇಳುತ್ತದೆ, ಇಸಿಯು ಅದನ್ನು ನೋಡಿಕೊಂಡು ಪೆಟ್ರೋಲ್ ಜಾಸ್ತಿ ಕಡಿಮೆ ಮಾಡುತ್ತದೆ. ಎರಡನೆಯದರ ಮುಖ್ಯ ಕೆಲಸ ಕ್ಯಾಟ್ ಮೇಲೆ ಕಣ್ಣಿಡುವುದು. ಹಳೇ ಮಾದರಿಯ ಸೆನ್ಸರ್ ಇರುವ ಕಾರಿನಲ್ಲಿ ಮೊದಲನೆಯದರ ವೋಲ್ಟೇಜ್ ಸುಮಾರು 0.1ರಿಂದ 0.9ರ ನಡುವೆ ಏರಿಳಿಯುತ್ತಾ ಇರುತ್ತದೆ. ಕ್ಯಾಟ್ ಚೆನ್ನಾಗಿದ್ದರೆ ಎರಡನೆಯದು ಹೆಚ್ಚು ಅಲ್ಲಾಡದೆ ನಿಂತಿರುತ್ತದೆ. ಹೊಸ ಎಕ್ಸಾಸ್ಟ್ ಹಾಕುವಾಗ ಕ್ಯಾಟ್ ತೆಗೆದುಬಿಟ್ಟಿದ್ದರೆ ಎರಡೂ ಒಂದೇ ಥರ ಕುಣಿಯುತ್ತವೆ, ಆಗ ಇಸಿಯು ಪಿ0420 ಅನ್ನುವ ಕೋಡ್, ಅಂದ್ರೆ ತೊಂದರೆ ಏನು ಅಂತ ಹೇಳುವ ನಂಬರ್, ಬರೆದುಕೊಂಡು ದೀಪ ಹಚ್ಚುತ್ತದೆ.

ಆದರೆ ತಕ್ಷಣ ಹಚ್ಚುವುದಿಲ್ಲ. ಗ್ರಾಹಕರು ಮೋಸ ಹೋಗುವುದು ಇಲ್ಲೇ. ಕ್ಯಾಟ್ ಪರೀಕ್ಷೆ ಮಾಡಲು ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು, ಮತ್ತೆ ಸಾಮಾನ್ಯವಾಗಿ ಎರಡು ಸಲ ಅದೇ ತೊಂದರೆ ಕಂಡರೆ ಮಾತ್ರ ದೀಪ ಬರುತ್ತದೆ. ಅಂದ್ರೆ ಅಂಗಡಿಯಿಂದ ಹೊರಗೆ ಬರುವಾಗ ಎಲ್ಲ ಸರಿ ಇರುತ್ತದೆ, ಸೌಂಡ್ ಕೇಳಿ ಖುಷಿಯೂ ಆಗುತ್ತದೆ, ಕೆಲವು ದಿನ ಬಿಟ್ಟು ಊರಿಗೆ ಹೋಗುವಾಗ ಹೈವೇಯಲ್ಲಿ ದೀಪ ಹತ್ತುತ್ತದೆ. ಫೋನ್ ಮಾಡಿದರೆ "ನಮ್ಮ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ, ಪೆಟ್ರೋಲ್ ಸರಿ ಇಲ್ಲ ಅನ್ಸುತ್ತೆ" ಅನ್ನುವ ಉತ್ತರ.

ಹಾಗಂತ ದೀಪ ಬಂದ ಕಾರಿನಲ್ಲೆಲ್ಲ ಕ್ಯಾಟ್ ತೆಗೆದಿದ್ದಾರೆ ಅಂತಲೂ ಅಲ್ಲ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ, ಪೈಪ್ ಎಲ್ಲಿಂದ ಬದಲಾಯಿಸಿದ್ದೀರಿ? ಎರಡನೇ ಸೆನ್ಸರ್ ದಾಟಿ ಹಿಂದಿನ ಭಾಗ ಮಾತ್ರ ಬದಲಾಗಿದ್ದರೆ ಆ ಎಕ್ಸಾಸ್ಟ್‌ನಿಂದಲೇ ದೀಪ ಬರಬಾರದು. ಬಂದಿದೆ ಅಂದ್ರೆ ಕೆಲಸ ಮಾಡುವಾಗ ಏನೋ ಕೆಟ್ಟಿದೆ, ಅಥವಾ ಬೇರೆಯೇ ತೊಂದರೆ ಈಗ ಕಾಣಿಸಿಕೊಂಡಿದೆ. ಕೋಡ್ ಓದಿದರೆ ದಾರಿ ಸಿಗುತ್ತದೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಹಾಕಿ ಮೊಬೈಲ್‌ನಲ್ಲಿ ನೋಡುವ ಬ್ಲೂಟೂತ್ ಸ್ಕ್ಯಾನರ್ ಈಗ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಕೋಡ್ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ, ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುವುದನ್ನೂ. ಕೋಡ್ ಬರೆದುಕೊಂಡ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅಂತ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಪಿ0141 ಬಂದಿದ್ದರೆ ಅದು ಎರಡನೇ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟ್. ಗಾಡಿ ಎತ್ತಿ ಆ ಸೆನ್ಸರ್ ವೈರ್ ಉದ್ದಕ್ಕೂ ನೋಡಿ. ಪೈಪ್ ಇಳಿಸುವಾಗ ವೈರ್ ಎಳೆದು ಕಿತ್ತಿರುತ್ತಾರೆ, ಅಥವಾ ಮತ್ತೆ ಕೂರಿಸುವಾಗ ಕ್ಲಿಪ್‌ಗೆ ಹಾಕದೆ ಸುಮ್ನೆ ಬಿಟ್ಟು ಅದು ಬಿಸಿ ಪೈಪಿಗೆ ತಾಗಿ ಕರಗಿರುತ್ತದೆ. ಹೊಸ ಪೈಪಿನಲ್ಲಿ ಸೆನ್ಸರ್ ಕೂರುವ ಬೋಲ್ಟ್ ಜಾಗವನ್ನು ಕೆಳಮುಖವಾಗಿ ವೆಲ್ಡ್ ಮಾಡಿದ್ದನ್ನೂ ಕಂಡಿದ್ದೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೈಪಿನಲ್ಲಿ ಕೂಡುವ ನೀರು ಅದರೊಳಗೇ ನಿಲ್ಲುತ್ತದೆ, ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ. ಸೆನ್ಸರ್ ಯಾವಾಗಲೂ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಬೇಕು.

ಪಿ0171 ಬಂದಿದ್ದರೆ ಇಸಿಯು ಕಣ್ಣಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಕಾಣುತ್ತಿದೆ. ಎಕ್ಸಾಸ್ಟ್ ಕೆಲಸ ಆದ ಮೇಲೆ ಬಂದಿದ್ದರೆ ನನ್ನ ಮೊದಲ ಅನುಮಾನ ಸಂದಿಯಲ್ಲಿ ಸೋರುವುದರ ಮೇಲೆ. ಹೊಗೆ ಹೊರಗೆ ಸೋರಿದರೆ ಒಳಗಿನ ಸೆನ್ಸರ್‌ಗೆ ಏನು ಅಂತ ಕೇಳುತ್ತಾರೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿದು ಬಡಿದು ಬರುತ್ತದೆ, ಎರಡು ಬಡಿತದ ನಡುವೆ ಪೈಪಿನಲ್ಲಿ ಒತ್ತಡ ಇಳಿದಾಗ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸೆನ್ಸರ್ ಆ ಆಕ್ಸಿಜನ್ ನೋಡಿ ತಪ್ಪು ಲೆಕ್ಕ ಕೊಡುತ್ತದೆ, ಇಸಿಯು ಬೇಡದಿದ್ದರೂ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಬಿದ್ದಿದೆ ಅಂತ ದೂರುವವರ ಎಷ್ಟೋ ಗಾಡಿಗಳಲ್ಲಿ ಇದೇ ಕಥೆ. ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸಂದಿಗಳಿಗೆ ಸೋಪಿನ ನೀರು ಹೊಡೆಯಿರಿ, ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಲಿ. ಸೋರುವ ಕಡೆ ಗುಳ್ಳೆ ಏಳುತ್ತದೆ, ಬುಸ್ ಅಂತ ಶಬ್ದವೂ ಬರುತ್ತದೆ. ಇದನ್ನು ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್ಡಿನೊಳಗೆ ಬೇಡ. ಹೊಸ ಗ್ಯಾಸ್ಕೆಟ್ (ಸೋರದ ಹಾಗೆ ಸಂದಿಯಲ್ಲಿ ಕೂರಿಸುವ ಪಟ್ಟಿ) ಹಾಕಿ ಬೋಲ್ಟ್ ಬಿಗಿದರೆ ಬಹಳಷ್ಟು ಸಲ ಕೆಲಸ ಮುಗಿಯಿತು. ಮಾಮೂಲಿ ಸಿಲಿಕಾನ್ ಪೇಸ್ಟ್ ಮಾತ್ರ ಮೆತ್ತಬೇಡಿ, ಅದರ ಆವಿ ಸೆನ್ಸರನ್ನೇ ಕೆಡಿಸುತ್ತದೆ.

ದೀಪ ಸುಮ್ಮನೆ ಉರಿಯದೆ ಮಿನುಗುತ್ತಿದ್ದರೆ ಮಾತ್ರ ಯೋಚನೆ ಮಾಡುತ್ತಾ ಓಡಿಸಬೇಡಿ, ಪಕ್ಕಕ್ಕೆ ನಿಲ್ಲಿಸಿ. ಮಿಸ್‌ಫೈರ್ ಆಗುತ್ತಿದೆ, ಅಂದ್ರೆ ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಅಂತ ಅರ್ಥ. ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಸುಟ್ಟು ಅದನ್ನು ಕರಗಿಸಿಬಿಡುತ್ತದೆ.

ಇನ್ನು ನಿಜವಾಗಿಯೂ ಕ್ಯಾಟ್ ತೆಗೆದಿರುವ ಕಾರುಗಳು. ಇವುಗಳಿಗೆ ಅಂಗಡಿಯವರು ಎರಡು "ಪರಿಹಾರ" ಮಾರುತ್ತಾರೆ. ಎರಡನೇ ಸೆನ್ಸರ್ ಕೆಳಗೆ ಸ್ಪೇಸರ್ ಅನ್ನುವ ಸಣ್ಣ ತುಂಡು ಕೊಟ್ಟು ಅದನ್ನು ಹೊಗೆಯಿಂದ ದೂರ ಎತ್ತಿ ಕೂರಿಸುವುದು ಒಂದು. ಇಸಿಯು ಸಾಫ್ಟ್‌ವೇರ್‌ನಲ್ಲಿ ಆ ಸೆನ್ಸರ್ ನೋಡುವುದನ್ನೇ ನಿಲ್ಲಿಸುವುದು ಇನ್ನೊಂದು. ಎರಡರಲ್ಲೂ ದೀಪ ಆರುತ್ತದೆ, ಹೊಗೆ ಹಾಗೇ ಬರುತ್ತದೆ. ನಾನು ಈ ಕೆಲಸ ಮಾಡುವುದಿಲ್ಲ ಅಂದರೆ ಹುಡುಗರಿಗೆ ಕೋಪ ಬರುತ್ತದೆ. ಆದರೆ ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮೊದಲು ಕ್ಯಾಟ್ ಕಡ್ಡಾಯ ಮಾಡಿದಾಗ ಅದಕ್ಕೋಸ್ಕರ ಸೀಸ ಇಲ್ಲದ ಪೆಟ್ರೋಲನ್ನೇ ತರಬೇಕಾಯಿತು, 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮ ಬಂದಿದೆ, 2023ರಲ್ಲಿ ಅದನ್ನೂ ಇನ್ನಷ್ಟು ಬಿಗಿ ಮಾಡಿದ್ದಾರೆ. ಇಷ್ಟೆಲ್ಲ ಆಗಿ ಬಂದ ಡಬ್ಬಿಯನ್ನು ಸೌಂಡ್‌ಗೋಸ್ಕರ ಕತ್ತರಿಸಿ ಎಸೆಯುತ್ತೇವೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತದೆ. ಸಿಗ್ನಲ್‌ನಲ್ಲಿ ಆ ಕಾರಿನ ಹಿಂದೆ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡು ನಿಂತವರು ಅದನ್ನು ಕುಡಿಯಬೇಕು ಅಲ್ವಾ?

ಎಸೆಯುತ್ತೇವೆ ಅಂದೆ, ನಿಜಕ್ಕೂ ಯಾರೂ ಎಸೆಯುವುದಿಲ್ಲ. ಅದರೊಳಗಿನ ಲೋಹಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ. "ಹಳೇ ಪೈಪ್ ಇಲ್ಲೇ ಬಿಟ್ಟು ಹೋಗಿ" ಅನ್ನುವ ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತು. ಕಾರಿನ ಮಾಲೀಕನಿಗೆ ಗೊತ್ತಿರುವುದಿಲ್ಲ. ಅವನ ಕೈಗೆ ಬರುವುದು ದಂಡದ ಚೀಟಿ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಥರ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ.

ಸಾರಿಗೆ ಇಲಾಖೆಯವರಲ್ಲಿ ನನ್ನ ವಿನಂತಿ ಇದು. ಎಮಿಷನ್ ಟೆಸ್ಟ್‌ನಲ್ಲಿ ಈಗ ಪೆಟ್ರೋಲ್ ಕಾರಿನ ಸೈಲೆನ್ಸರ್ ಬಾಯಿಗೆ ಪ್ರೋಬ್ ಇಟ್ಟು ನೋಡುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಅಲ್ಲೇ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೂ ಒಂದು ಸ್ಕ್ಯಾನರ್ ಹಾಕಿಸಿ. ದೀಪ ಉರಿಯುತ್ತಿದೆಯಾ, ಕೋಡ್ ಏನಿದೆ, ನಿನ್ನೆ ಮೊನ್ನೆ ಯಾರಾದರೂ ಅಳಿಸಿದ್ದಾರಾ, ಎಲ್ಲ ಅದರಲ್ಲಿ ಕಾಣುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಅದರ ನಂತರದ ಮಾಡೆಲ್ ಪೆಟ್ರೋಲ್ ಕಾರುಗಳನ್ನು ಹೀಗೇ ಪರೀಕ್ಷೆ ಮಾಡುತ್ತಾರೆ. ಜೊತೆಗೆ, ಎಕ್ಸಾಸ್ಟ್ ಕೆಲಸ ಮಾಡುವ ಪ್ರತಿ ಅಂಗಡಿಯೂ ಏನು ತೆಗೆದೆವು, ಏನು ಹಾಕಿದೆವು ಅಂತ ಬಿಲ್ಲಿನಲ್ಲಿ ಬರೆದು, ತೆಗೆದ ಭಾಗವನ್ನು ಮಾಲೀಕನ ಕೈಗೇ ಕೊಡಬೇಕು ಅನ್ನುವ ನಿಯಮ ಬರಲಿ.

ನಿಯಮ ಬರುವವರೆಗೆ ಕಾಯಬೇಕಿಲ್ಲ. ಈಗಾಗಲೇ ಪೈಪ್ ಬದಲಾಯಿಸಿ ದೀಪದ ಜೊತೆ ಒದ್ದಾಡುತ್ತಿರುವವರು ಇವತ್ತೇ ಆ ಅಂಗಡಿಗೆ ಫೋನ್ ಮಾಡಿ ನನ್ನ ಹಳೇ ಕ್ಯಾಟ್ ಎಲ್ಲಿದೆ ಅಂತ ಕೇಳಿ. ಇನ್ನೂ ಅಲ್ಲೇ ಬಿದ್ದಿದ್ದರೆ ತಂದು ಮತ್ತೆ ಹಾಕಿಸಿ.

— ಒಬ್ಬ ಕಾರ್ ಮೆಕ್ಯಾನಿಕ್, ದಾವಣಗೆರೆ