ಹಾಸ್ಟೆಲ್ ಮಕ್ಕಳ ಜೊತೆ ಕೂರುವ ಮುಂಚೆ

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಹಾಸ್ಟೆಲ್‌ನ ಹತ್ತನೇ ಕ್ಲಾಸಿನ ಹನ್ನೆರಡು ಮಕ್ಕಳಿಗೆ ಮಾರ್ಗದರ್ಶಿಯಾಗಲು ಒಪ್ಪಿಕೊಂಡಿದ್ದೀಯಂತೆ. ಮೂವರಿಗೆ ಇಳಿಸು. ಆಫೀಸು ನೋಡಿಕೊಂಡು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಮುಕ್ಕಾಲು ಗಂಟೆ ಕೂರುವುದೆಂದರೆ ಅದೇ ಕೈತುಂಬ ಕೆಲಸ.

ಭಾನುವಾರ ಹತ್ತು ಗಂಟೆ ಅಂದರೆ ಹತ್ತೇ. ಹೇಳದೆ ಕೇಳದೆ ಎರಡು ವಾರ ತಪ್ಪಿಸಿದರೆ, 'ನಾನು ಯಾರಿಗೂ ಬೇಡ' ಅಂದುಕೊಂಡಿರುವ ಹುಡುಗಿಗೆ ಅದೇ ಸಾಕ್ಷಿ. ಬರಲಾಗದಿದ್ದರೆ ಹಿಂದಿನ ದಿನವೇ ವಾರ್ಡನ್‌ಗೆ ಫೋನ್ ಮಾಡು. ಪೂರ್ತಿ ವರ್ಷ ಆಗಲ್ಲ ಅನ್ನಿಸಿದರೆ ಈಗಲೇ ಬೇಡ ಅಂದುಬಿಡು. ನಡುವೆ ಕೈಬಿಡುವುದಕ್ಕಿಂತ ಅದು ವಾಸಿ.

ಮೊದಲ ಮೂರ್ನಾಲ್ಕು ವಾರ ಮಾರ್ಕ್ಸ್ ಮಾತೆತ್ತಬೇಡ. ಎದುರುಬದುರು ಕೂತರೆ ಪೊಲೀಸ್ ವಿಚಾರಣೆಯಂತಾಗುತ್ತೆ. ಪಕ್ಕದಲ್ಲಿ ಕೂತು ನೋಟ್‌ಬುಕ್ಕಿಗೆ ರಟ್ಟು ಹಾಕು, ಕಡಲೆಕಾಯಿ ಸುಲಿ. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಬಿಚ್ಚುತ್ತೆ. 'ಯಾಕೆ ಓದಲ್ಲ?' ಅನ್ನಬೇಡ, 'ನಿನ್ನೆ ಪುಸ್ತಕ ತೆಗೆದ ಮೇಲೆ ಏನಾಯ್ತು?' ಅನ್ನು.

'ನೀನು ಜಾಣ' ಅಂತ ಉಬ್ಬಿಸುವುದರಿಂದ ಧೈರ್ಯ ಬರಲ್ಲ, ಮುಂದಿನ ಟೆಸ್ಟಿನಲ್ಲಿ ಮಾರ್ಕ್ಸ್ ಇಳಿದರೆ ಆ ಮಾತೇ ಚುಚ್ಚುತ್ತೆ. ಗಣಿತಕ್ಕೆ ಹೆದರುವವನಿಗೆ ಐದೇ ಲೆಕ್ಕ ಕೊಡು: ಖಂಡಿತ ಬರುವಂಥವು ಮೂರು, ತುಸು ಬಿಗಿಯಾದದ್ದು ಒಂದು, ಹೊಸದೊಂದು. 3, 7, 11 ಸಮಾಂತರ ಶ್ರೇಢಿಯ ಹತ್ತನೇ ಪದ 43 ಅಂತ ಬರೆದನೋ, ಕೆಂಪು ಗೀಟು ಎಳೆಯಬೇಡ. 4ನ್ನು ಒಂಬತ್ತು ಸಲ ಕೂಡುವ ಕಡೆ ಹತ್ತು ಸಲ ಕೂಡಿದ್ದಾನೆ, ಅಷ್ಟೇ. 'ಎರಡನೇ ಪದಕ್ಕೆ ಎಷ್ಟು ಸಲ ಕೂಡಿದೆ? ಮೂರನೆಯದಕ್ಕೆ?' ಅಂತ ಕೇಳುತ್ತ ಹೋಗು. 39 ಅಂತ ಅವನೇ ತಿದ್ದಿಕೊಂಡಾಗ ಮುಖ ನೋಡು.

ಫೇಲಾದರೆ ಮಾನ ಹೋಯ್ತು ಅನ್ನುವವರಿಗೆ ಸಮಾಧಾನ ಸಾಲದು, ವಿಷಯ ತಿಳಿಸು. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಕೈಕೊಟ್ಟರೆ ಅದೇ ವರ್ಷ ಪರೀಕ್ಷೆ-2 ಇದೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

'ಯಾರಿಗೂ ಹೇಳಲ್ಲ' ಅಂತ ಮಾತ್ರ ಆಣೆ ಇಡಬೇಡ. ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಕೆಟ್ಟದಾಗಿ ಮೈಮುಟ್ಟಿದ್ದರೆ ದೊಡ್ಡವರಿಗೆ ಹೇಳಲೇಬೇಕಾಗುತ್ತೆ ಅಂತ ಮೊದಲ ದಿನವೇ ತಿಳಿಸು. ಎರಡನೆಯದನ್ನು ಮುಚ್ಚಿಡುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿ 1098.

ಎರಡು ವಾರದಿಂದ ನಿದ್ದೆಯಿಲ್ಲ, ಊಟ ಬಿಟ್ಟಿದ್ದಾನೆ, ಗೆಳೆಯರಿಂದ ದೂರ ಕೂರುತ್ತಾನೆ, ಇಷ್ಟದ ವಾಚನ್ನು ಯಾರಿಗೋ ಕೊಟ್ಟುಬಿಟ್ಟ ಅಂದರೆ ಸುತ್ತಿ ಬಳಸದೆ ಕೇಳು: 'ಸಾಯಬೇಕು ಅನ್ನಿಸ್ತಿದೆಯಾ?' ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತೆ ಅನ್ನುವುದು ಸುಳ್ಳು. ಎಷ್ಟೋ ಸಲ ಭಾರ ಇಳಿಯುತ್ತೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡ. ವಾರ್ಡನ್‌ರನ್ನು ಕರೆಸು, ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚು. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರಾಗುವುದು ನಿನ್ನ ಕೆಲಸವಲ್ಲ.

ಭೇಟಿ ಮುಗಿದ ಮೇಲೆ ಬಸ್ಸಿನಲ್ಲೇ ಎರಡು ಸಾಲು ಬರೆದಿಟ್ಟುಕೋ. 'ತಂಗಿಗೆ ಜ್ವರ ಬಿಡ್ತಾ?' ಅಂತ ಮುಂದಿನ ವಾರ ಕೇಳಬೇಕಲ್ಲ.

ಇಂತಿ,
ನಿನ್ನ ಮಾವ